ಗುಡ್ಡದ ಮೇಲೆ ಕುಳಿತವರು

ಕೊಂಡಜ್ಜಿ ಊರಿನ ಕಡೆ ನಮಗೊಂದು ಕಲ್ಲುಗುಡ್ಡವಿತ್ತು. ಅದರ ಮೇಲೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಪುಟ್ಟ ಗೋರಿಗಳು, ಯಾವ ಕಾಲದವೋ. ಊರವರು ಪಾಂಡವರ ಮನೆ ಅನ್ನುತ್ತಿದ್ದರು. ಪಕ್ಕದ ಬಂಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದ ಗೂಳಿಗಳು. ಭದ್ರಾ ಕಾಲುವೆ ಇನ್ನೂ ನಮ್ಮ ಹೊಲ ಮುಟ್ಟಿರದ ಕಾಲ ಅದು. ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ಅಪ್ಪನಿಗೆ ಗುಡ್ಡದ ಗೊಡವೆಯೇ ಇರಲಿಲ್ಲ.

ಮನೆಗೆ ಚಪ್ಪಡಿ ಬೇಕಾದಾಗ ಒಂದು ಗೋರಿಯದನ್ನು ಎಬ್ಬಿಸಿದರು. ಒಳಗೊಂದು ಅಸ್ಥಿಪಂಜರ, ಮೊಣಕಾಲು ಮಡಚಿ ಕುಳಿತಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಹಚ್ಚಿ, ಕೂರಿಸಿಯೇ ಮಣ್ಣು ಮಾಡುತ್ತೇವೆ. ಅಪ್ಪನಿಗೆ ಅಷ್ಟೇ ಸಾಕಾಯಿತು. "ನಮ್ಮೋರೇ ಇವ್ರು! ನಮ್ಮ ಹಿರೇರು ಹೆಂಗೆ ಕುಂತಾರ ನೋಡ್ರಿ!" ಎಂದು ರುಮಾಲು ತೆಗೆದು ಅಡ್ಡಬಿದ್ದರು. ಲಿಂಗ ಎಲ್ಲಿ ಎಂದು ಅವ್ವ ಕೇಳಿದ್ದಕ್ಕೆ, "ಕಳ್ರು ಒಯ್ದಿರ್ತಾರ, ಸುಮ್ನಿರು" ಅಂದರು. ಅಪ್ಪನ ತಲೆಗೆ ಒಂದು ಹೊಕ್ಕರೆ ಇನ್ನೊಂದಕ್ಕೆ ಜಾಗವಿರುತ್ತಿರಲಿಲ್ಲ.

ಗುಡ್ಡದ ಸುತ್ತ ಮುಳ್ಳುಬೇಲಿ ಬಂತು, ಸೋಮವಾರದ ಪೂಜೆ ಬಂತು. ಆಗ ಒಂದು ತೊಡಕು. ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದ ಹೆಂಗಸೊಬ್ಬಳು ಹಿಂದಿನ ವರ್ಷ ತೀರಿಕೊಂಡ ತನ್ನ ಹಸುಗೂಸನ್ನು ಗೂಳಿ ಬಂಡೆಯ ಬುಡದಲ್ಲಿ ಹೂತಿದ್ದಳು. ದಿನಾ ಕೆಲಸಕ್ಕೆ ಹೋಗುವಾಗ ಅಲ್ಲಿ ಒಂದು ಗಳಿಗೆ ಕೂತು ಹೋಗುತ್ತಿದ್ದಳು. ಅವಳಿಗೆ ಬೇರೆ ಮಕ್ಕಳಿರಲಿಲ್ಲ.

"ಹಿರೇರ ನಡುವೆ ಬ್ಯಾರೆಯವ್ರ ಹೆಣ ಬ್ಯಾಡ. ತೆಗಿ," ಅಂದರು ಅಪ್ಪ.

"ಕೂಸ್ರೀ ಅದು, ಯಾರಿಗೇನು ಮಾಡ್ತೈತ್ರಿ? ಬಂಡೆ ನೆಳ್ಳಾಗೆ ಮಲಗ್ಲಿ ಬಿಡ್ರಿ," ಎಂದು ಅವಳು ಕಾಲು ಹಿಡಿದಳು. ಅಪ್ಪ ಕಾಲು ಕೊಡವಿಕೊಂಡರು. ಆಳುಗಳು ಯಾರೂ ಅಗೆಯಲು ಒಪ್ಪಲಿಲ್ಲ. ಕೊನೆಗೆ ಅವಳೇ ಅಗೆದಳು, ಕೈಯಿಂದ. ಸಿಕ್ಕಷ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಹರಿಹರಕ್ಕೆ ನಡೆದು ಹೊಳೆಗೆ ಬಿಟ್ಟು ಬಂದಳು. ಸಾವಿಗೆ ಸೂತಕವಿಲ್ಲ ಎನ್ನುವ ಜನ ನಾವು. ಅಪ್ಪ ಆ ಜಾಗಕ್ಕೆ ಗಂಜಲ ಚಿಮುಕಿಸಿದರು. ಹೆತ್ತ ಅಪ್ಪನೇ ಆದರೂ ಹೇಳುತ್ತೇನೆ, ಅವತ್ತು ಅವರ ಮುಖ ನೋಡಲು ನನಗೆ ಹೇಸಿಗೆಯಾಯಿತು.

ಮಳೆಗಾಲ ಮುಗಿದ ಮೇಲೆ, ಹಳೆಯ ಗೋರಿಗಳನ್ನು ನೋಡಲು ಸರ್ಕಾರದವರು ಜೀಪಿನಲ್ಲಿ ಬಂದರು. ಎಲುಬು, ಮಡಕೆಚೂರು ಪರೀಕ್ಷಿಸಿ, "ಇವರು ನಿಮ್ಮವರಲ್ಲ, ನಿಮ್ಮ ಮತ ಹುಟ್ಟುವುದಕ್ಕೆ ಎಷ್ಟೋ ಮೊದಲಿನವರು" ಎಂದರು. ಅಪ್ಪ ಅವರ ಜೊತೆ ವಾದಿಸಲಿಲ್ಲ, ಚಹಾ ಕುಡಿಸಿ ಕಳಿಸಿದರು. ಯಾರೋ ಗೊತ್ತಿಲ್ಲದವರಿಗೆ ಇಷ್ಟು ದಿನ ಊದುಬತ್ತಿ ಹಚ್ಚಿದೆನಲ್ಲ ಎಂಬುದಷ್ಟೇ ಅವರ ಸಂಕಟ.

ಮಾರನೆಯ ದಿನ ಬೇಲಿ ಕೀಳಲು ಆಳು ಬೇಕಾಯಿತು. ಅಪ್ಪ ಅವಳನ್ನೇ ಕರೆಸಿದರು.