ತಡವಾಗಿ ಬೀಳುವ ಹೆಜ್ಜೆ

ಕೌಸಲ್ಯಾ ಆಂಟಿಯ ಮೇಲೆ ನನಗೆ ಮೊದಲ ದಿನವೇ ಸಿಟ್ಟು ಬಂದಿತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಬೇರೆ ಮಾತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಕ್ಲಾಸ್. ರಾಬಿನ್ಸ್‌ವಿಲ್‌ನ ವೇರ್‌ಹೌಸ್ ಟ್ರಕ್ಕುಗಳ ಹಿಂದೆ ತೆವಳಿಕೊಂಡು ನಾವು ಆ ಚರ್ಚ್ ಹಾಲ್ ಮುಟ್ಟುವಾಗ ಹತ್ತು ಗಂಟೆ ಎರಡು ನಿಮಿಷ. ಬಾಗಿಲಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ಸೀರೆಯ ಮೇಲೆ ದಪ್ಪ ಕಪ್ಪು ಜಾಕೆಟ್ ತೊಟ್ಟು ಒಬ್ಬರು ಕೂತಿದ್ದರು. ನನ್ನತ್ತ ನೋಡಲೂ ಇಲ್ಲ. ಒಂಬತ್ತು ವರ್ಷದ ನನ್ನ ಮಗಳು ಅವನಿಯನ್ನು ನೋಡಿ, ಗೋಡೆಗೆ ಅಂಟಿಸಿದ್ದ ಹಾಳೆ ತೋರಿಸಿದರು.

"ಎರಡನೇ ರೂಲ್ ಓದವಾ. ಹದಿನೈದು ನಿಮಿಷ ಮದ್ಲ ಬರಬೇಕು. ಲೇಟಾದವ್ರು ಇವತ್ತ ಗ್ವಾಡಿಗೆ ಕೂತು ನೋಡೋದು, ಅಷ್ಟ."

ಅಮೆರಿಕದಲ್ಲಿ, ಸ್ಕಾಟ್ಲೆಂಡಿನ ಕುಣಿತ ಕಲಿಸುವ ಶಾಲೆಯ ಬಾಗಿಲಲ್ಲಿ ಧಾರವಾಡದ ಕನ್ನಡ! ನನ್ನ ಸಿಟ್ಟು ಅರ್ಧಕ್ಕೇ ನಿಂತುಹೋಯಿತು.

ನಮ್ಮ ಕಡೆಯ ಮಕ್ಕಳೆಲ್ಲ ಭರತನಾಟ್ಯಕ್ಕೆ ಹೋಗುತ್ತಾರೆ. ಅವನಿಯೂ ಒಂದು ವರ್ಷ ಹೋದಳು. ಮೆಮೋರಿಯಲ್ ಡೇ ಮೆರವಣಿಗೆಯಲ್ಲಿ ಬ್ಯಾಗ್‌ಪೈಪ್ ಊದುವವರ ಮುಂದೆ ನಾಲ್ಕು ಹುಡುಗಿಯರು ತುದಿಗಾಲಲ್ಲಿ ಹಾರಿ ಕುಣಿಯುತ್ತಾ ಹೋದದ್ದನ್ನು ನೋಡಿದಳೋ, ಅಲ್ಲಿಗೆ ಮುಗಿಯಿತು. "ಐ ವಾಂಟ್ ದಟ್" ಎಂದು ಹಟ ಹಿಡಿದಳು. ಹಾಗೆ ನಾವು ಮಾರ್ಗರೆಟ್ ಅವರ ಶಾಲೆಗೆ ಬಂದು ಬಿದ್ದೆವು. ಮಾರ್ಗರೆಟ್ ಎಪ್ಪತ್ತು ದಾಟಿದ ಟೀಚರ್. ಅವರ ಅಜ್ಜ ಸ್ಕಾಟ್ಲೆಂಡಿನಿಂದ ಇಲ್ಲಿನ ಕರ್ನಿ ಎಂಬ ಊರಿನ ದಾರದ ಗಿರಣಿಗೆ ಕೂಲಿಗೆ ಬಂದವರಂತೆ.

ಆ ಹಾಳೆಯ ನಿಯಮಗಳು ಒಂದೆರಡಲ್ಲ. ಕೂದಲು ತುರುಬು ಕಟ್ಟಿರಬೇಕು, ಕುತ್ತಿಗೆಯ ಮೇಲೆ ಒಂದು ಎಳೆಯೂ ಬೀಳಬಾರದು. ಬಳೆ, ಓಲೆ, ಕೈಗೆ ಕಟ್ಟಿದ ದೇವರ ದಾರ ಯಾವುದೂ ಕೂಡದು. ಕಾಲುಚೀಲ ಮಂಡಿಯ ಕೆಳಗೆ ಎರಡು ಬೆರಳು ಬಿಟ್ಟು ನಿಲ್ಲಬೇಕು. ಫೋನು ಬುಟ್ಟಿಗೆ, ತಂದೆತಾಯಿ ಹೊರಗೆ. ಕುಣಿತದ ಮೊದಲೂ ಕೊನೆಯೂ ಪೈಪ್ ಊದುವವರಿಗೆ ಬಾಗಬೇಕು. ಸ್ಪರ್ಧೆಯಿಂದ ಔಟ್ ಆದವರೂ ಸಂಗೀತ ಮುಗಿಯುವವರೆಗೆ ನಿಂತಿದ್ದು ಬಾಗಿಯೇ ಇಳಿಯಬೇಕು. ಇವೆಲ್ಲವನ್ನೂ ಕಾಯುತ್ತಿದ್ದವರು ಮಾರ್ಗರೆಟ್ ಅಲ್ಲ, ಕೌಸಲ್ಯಾ ಆಂಟಿ. ಬಾಯಲ್ಲಿ ಹೇರ್‌ಪಿನ್ ಕಚ್ಚಿಕೊಂಡು ಒಂದೊಂದು ತಲೆಯನ್ನೂ ತಿರುಗಿಸಿ ನೋಡಿಯೇ ಒಳಗೆ ಬಿಡುತ್ತಿದ್ದರು. ಅಮೆರಿಕನ್ ಅಮ್ಮಂದಿರೂ ಅವರಿಗೆ ಹೆದರುತ್ತಿದ್ದರು. ಹಾಳೆಯಲ್ಲಿ ಹದಿಮೂರರ ನಂತರ ನೇರವಾಗಿ ಹದಿನೈದು ಬರುತ್ತಿತ್ತು. ಟೈಪ್ ಮಾಡಿದವರ ಕಣ್ತಪ್ಪು ಎಂದುಕೊಂಡೆ.

ಆಂಟಿಯ ವಿಷಯ ನನಗೆ ತಿಳಿದದ್ದು ಚೂರು ಚೂರಾಗಿ. ಊರು ಧಾರವಾಡದ ಮಾಳಮಡ್ಡಿ. ಈಗ ಅರವತ್ತೆರಡು. ಗಂಡ ದ್ವಾರಕಾನಾಥ ಅಂಕಲ್ ಪ್ರಿನ್ಸ್‌ಟನ್ ಬಳಿ ಔಷಧ ಕಂಪನಿಯಲ್ಲಿ ಸ್ಟ್ಯಾಟಿಸ್ಟಿಶಿಯನ್ ಆಗಿದ್ದು ನಿವೃತ್ತರಾದವರು. ಪ್ರತಿ ಶನಿವಾರ ಹೆಂಡತಿಯನ್ನು ಡ್ರೈವ್ ಮಾಡಿಕೊಂಡು ಬಂದು, ಎರಡು ಗಂಟೆ ಕಾರಿನಲ್ಲೇ ಕೂತಿರುತ್ತಿದ್ದರು. ಹಿಮ ಬೀಳಲಿ, ಬಿಸಿಲು ಸುಡಲಿ, ಕೆಳಗೆ ಇಳಿಯುತ್ತಿರಲಿಲ್ಲ. ಇನ್ನೊಂದು ವಿಚಿತ್ರವೂ ಇತ್ತು. ಕೊನೆಯ ಅರ್ಧ ಗಂಟೆ ಕತ್ತಿ ಕುಣಿತ. ನೆಲದ ಮೇಲೆ ಎರಡು ಕತ್ತಿಗಳನ್ನು ಅಡ್ಡಡ್ಡ ಇಟ್ಟು, ನಡುವಿನ ನಾಲ್ಕು ಸಂದಿಗಳಲ್ಲಿ ತುದಿಗಾಲು ಊರುತ್ತಾ, ಕತ್ತಿಗೆ ತಾಗದಂತೆ ಕುಣಿಯಬೇಕು. ಕತ್ತಿಗಳನ್ನು ತಂದು ಇಡುತ್ತಿದ್ದವರು ಆಂಟಿಯೇ. ಇಟ್ಟ ಕೂಡಲೇ ಹೊರಗೆ ಹೋಗಿ ಕಾರಿನಲ್ಲಿ ಗಂಡನ ಪಕ್ಕ ಕೂತುಬಿಡುತ್ತಿದ್ದರು. ಕುಣಿತ ಮುಗಿಯುವವರೆಗೆ ಬರುತ್ತಿರಲಿಲ್ಲ.

ಈ ಕತ್ತಿ ಕುಣಿತವೇ ನಮ್ಮನೆಗೆ ತಲೆನೋವಾದದ್ದು. ಹೊರಗಿನಿಂದ ಇಣುಕಿದರೆ, ಕಾಲು ತಾಗಿದಾಗಲೆಲ್ಲ ಅವನಿ ಕುಣಿತ ನಿಲ್ಲಿಸಿ, ಬಗ್ಗಿ, ಕತ್ತಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಪುಸ್ತಕಕ್ಕೋ ಮನುಷ್ಯರಿಗೋ ಕಾಲು ತಾಗಿದರೆ ಹಾಗೆ ಮಾಡಬೇಕೆಂದು ಎರಡು ವರ್ಷದವಳಿಗೇ ಕಲಿಸಿದವಳು ನಾನು. ಸ್ಪರ್ಧೆಯಲ್ಲಿ ಕತ್ತಿಗೆ ಕಾಲು ತಾಗಿದರೆ ಬರೀ ಅಂಕ ಕಡಿಮೆ, ನಿಂತರೆ ಔಟ್. ಜೂನ್ ತಿಂಗಳ ಸ್ಪರ್ಧೆಗೆ ನಾಲ್ಕೇ ವಾರ ಇತ್ತು. ಮಾರ್ಗರೆಟ್ ಯಾಕೋ ಅವಳನ್ನು ತಿದ್ದುತ್ತಲೇ ಇರಲಿಲ್ಲ. ಕೇಳಿದರೆ, "ಅದಾಗಿಯೇ ಹೋಗುತ್ತದೆ" ಎಂದು ಬೇರೆಡೆ ನೋಡುತ್ತಿದ್ದರು.

ನನಗೆ ಪದಕ ಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಮಗಳಿಗಿಂತ ನನಗೇ ಹೆಚ್ಚು ಬೇಕಿತ್ತು. ಬೇಸ್‌ಮೆಂಟಿನಲ್ಲಿ ಎರಡು ಕರ್ಟನ್ ರಾಡ್ ಅಡ್ಡಡ್ಡ ಇಟ್ಟೆ. "ಇದು ದೇವರಲ್ಲ, ಕಬ್ಬಿಣ. ತಾಗಿದ್ರೆ ತಾಗ್ಲಿ. ನಿಲ್ಲಬೇಡ" ಎಂದೆ.

"ಬಟ್ ಅಮ್ಮಾ, ಐ ಸ್ಟೆಪ್ಡ್ ಆನ್ ಇಟ್."

"ಗೊತ್ತಾಯ್ತು. ನಿಲ್ಲಬೇಡ ಅಂದ್ನಲ್ಲ."

ಮೊದಲ ವಾರ ಅತ್ತಳು. ಎರಡನೆಯ ವಾರ ಅರ್ಧ ಬಗ್ಗಿ, ನನ್ನ ಮುಖ ನೋಡಿ ಎದ್ದಳು. ಮೂರನೆಯ ವಾರ ನಿಲ್ಲಲಿಲ್ಲ. ತುಟಿ ಮಾತ್ರ ಏನೋ ಮಣಮಣ ಅನ್ನುತ್ತಿತ್ತು. ನಾನು ಗೆದ್ದೆ ಎಂದುಕೊಂಡೆ.

ಸ್ಪರ್ಧೆಯ ಹಿಂದಿನ ಶನಿವಾರ ಕೌಸಲ್ಯಾ ಆಂಟಿ ಅವನಿಯ ತುರುಬು ನೋಡುತ್ತಾ ಕೈ ತಡೆದರು. "ಏನ್ ಅನ್ಲಿಕ್ಕತ್ತಿ ಕೂಸ?"

"ಡೋಂಟ್ ಸ್ಟಾಪ್, ಡೋಂಟ್ ಸ್ಟಾಪ್. ಅಮ್ಮ ಸೇಸ್ ಇಟ್."

ಆಂಟಿಯ ಬಾಯಲ್ಲಿದ್ದ ಪಿನ್ನು ನೆಲಕ್ಕೆ ಬಿತ್ತು. ಅವನಿಯನ್ನು ಒಳಗೆ ಕಳಿಸಿ, ನನ್ನ ಮೊಣಕೈ ಹಿಡಿದು ಪಾರ್ಕಿಂಗ್ ಲಾಟಿಗೆ ಕರೆದೊಯ್ದರು. ಕಾರಿನ ಹಿಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿ, ತಾವು ಮುಂದೆ ಕೂತರು. ದ್ವಾರಕಾನಾಥ ಅಂಕಲ್ ರೇಡಿಯೋ ಆಫ್ ಮಾಡಿದರು.

"ಇವ್ರ ಮುಂದ ಹೇಳ್ತೀನಿ" ಎಂದರು ಆಂಟಿ. "ಒಬ್ಬಾಕಿನ ಹೇಳಿದ್ರ ನಂಗ ಬೇಕಾದಂಗ ಹೇಳಿಬಿಡ್ತೀನಿ."

ಅವರಿಗೆ ಒಬ್ಬಳೇ ಮಗಳು, ಗಾರ್ಗಿ. ಇದೇ ಹಾಲ್, ಇದೇ ಮಾರ್ಗರೆಟ್. ಗಾರ್ಗಿಯೂ ಕತ್ತಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಕೌಸಲ್ಯಾ ಆಂಟಿ ಮನೆಯಲ್ಲಿ ಎರಡು ಲಟ್ಟಣಿಗೆ ಅಡ್ಡಡ್ಡ ಇಟ್ಟು ಆ ಅಭ್ಯಾಸ ಬಿಡಿಸಿದರು. ನಿಲ್ಲಬ್ಯಾಡ, ನಿಲ್ಲಬ್ಯಾಡ ಎಂದು ತಿಂಗಳುಗಟ್ಟಲೆ ಹೇಳಿದರು. ಹಾಳೆಯಲ್ಲಿ ಆಗ ಹದಿನಾಲ್ಕನೆಯ ನಿಯಮವೂ ಅದೇ ಇತ್ತು: ಏನೇ ಆದರೂ ನಿಲ್ಲಬೇಡಿ.

"ಹದಿಮೂರು ತುಂಬಿತ್ತು ಅಕಿಗೆ. ಕಾಂಪಿಟಿಷನ್ ದಿನ ಮುಂಜಾನೆ, ಅಮ್ಮಾ, ಎದಿ ಒಂಥರಾ ಆಗ್ಲಿಕ್ಕತ್ತದ ಅಂದ್ಲು. ನರ್ವಸ್ ಇದ್ದೀ, ನೀರು ಕುಡಿ ಅಂದೆ. ಕುಣಿಯೋ ಮುಂದ ಮೂರನೇ ಸ್ಟೆಪ್ಪಿಗೆ ಎದಿ ಮ್ಯಾಲ ಕೈ ಇಟ್ಕೊಂಡು ನನ್ನ ಕಡೆ ನೋಡಿದ್ಲು. ನಾ ಹಿಂಗ ಮಾಡ್ದೆ." ಆಂಟಿ ಕೈಯೆತ್ತಿ, ಮುಂದೆ ಹೋಗು ಎಂಬಂತೆ ಬೆರಳು ಆಡಿಸಿದರು. "ಹೋದ್ಲು. ಪೂರ್ತಿ ಮಾಡಿದ್ಲು. ಪೈಪರ್‌ಗೆ ಬಾಗಿದ್ಲು. ಬಾಗಿದಾಕಿ ಏಳ್ಲಿಲ್ಲ."

ಹುಟ್ಟಿದಾಗಿನಿಂದಲೂ ಹೃದಯದ ಗೋಡೆ ದಪ್ಪವಾಗಿತ್ತಂತೆ. ಯಾರಿಗೂ ಗೊತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗಲೂ ಆಗಬಹುದಿತ್ತು ಎಂದು ಡಾಕ್ಟರ್ ಹೇಳಿದರಂತೆ. "ಛಲೋ ಮನಶ್ಯಾ, ಸಮಾಧಾನಕ್ಕ ಹೇಳಿದ್ರು. ಆದ್ರ ಅಕಿ ನೋಡಿದ್ದು ನನ್ನ ಕಡೆ" ಎಂದರು ಆಂಟಿ.

"ಮತ್ತೆ ಇಲ್ಲಿಗೇ ಯಾಕೆ ಬರ್ತೀರಿ ಆಂಟಿ?"

"ಅಕಿ ಇನ್ನೂ ಕುಣೀಲಿಕ್ಕತ್ತಾಳಲ್ಲ." ಎಷ್ಟು ಸಹಜವಾಗಿ ಹೇಳಿದರೆಂದರೆ, ಮಗಳು ಒಳಗಿದ್ದಾಳೆ, ಕ್ಲಾಸ್ ಮುಗಿದಿಲ್ಲ ಎಂಬಂತಿತ್ತು. "ಮಾರ್ಗರೆಟ್‌ನ ಎಲ್ಲಾ ರೂಲ್ಸ್ ಪಾಲಿಸ್ತಿದ್ಲು, ತಾಳ ಒಂದು ಬಿಟ್ಟು. ಯಾವಾಗ್ಲೂ ಅರ್ಧ ಮಾತ್ರಾ ತಡ. ಈಗೂ ಕತ್ತಿ ಇಟ್ಟು ಸುರು ಮಾಡಿದ್ರ, ಎಲ್ಲಾ ಹುಡುಗ್ರ ಕಾಲು ಬಿದ್ದ ಮ್ಯಾಲ ಇನ್ನೊಂದು ಬೀಳ್ತದ. ಏಳು ವರ್ಷ ಆತು. ಸಾಕು ನಿಲ್ಲವಾ ಅಂತ ಎಷ್ಟು ಸಲ ಹೇಳೀನಿ. ನನ್ನ ಮಾತು ಕೇಳಿ ಕೇಳಿ ಕಲ್ತಾಳ, ನಿಲ್ಲಂಗಿಲ್ಲ. ಕೇಳ್ಲಿಕ್ಕೆ ಆಗೂದಿಲ್ಲ, ಅದಕ್ಕ ಇಲ್ಲಿ ಬಂದು ಕೂಡ್ತೀನಿ. ಬಿಟ್ಟು ಹೋಗ್ಲಿಕ್ಕೂ ಆಗೂದಿಲ್ಲ."

ದ್ವಾರಕಾನಾಥ ಅಂಕಲ್ ಸ್ಟೀರಿಂಗ್ ನೋಡುತ್ತಾ ಮೊದಲ ಬಾರಿಗೆ ಬಾಯಿಬಿಟ್ಟರು. "ನಂಗ ಕೇಳಂಗಿಲ್ಲ. ಹೋಗಿ ನೋಡೀನಿ, ಎರಡು ಸಲ. ಏನೂ ಕೇಳ್ಲಿಲ್ಲ. ಅದಕ್ಕ ನಾ ಒಳಗ ಬರಂಗಿಲ್ಲ."

ಮನೆಗೆ ಬಂದೆ. ಪಾಪ, ಮಗಳನ್ನು ಕಳೆದುಕೊಂಡು ತಲೆ ಕೆಟ್ಟಿದೆ ಎಂದು ಗಂಡನಿಗೆ ಹೇಳಿದೆ. ನನ್ನ ಮಗಳ ಹೃದಯ ಚೆನ್ನಾಗಿದೆ, ಡಾಕ್ಟರು ಬರೆದುಕೊಟ್ಟಿದ್ದಾರೆ ಎಂದೂ ಹೇಳಿದೆ. ಆದರೆ ಮಗಳಿಗೆ, ನಿಲ್ಲಬಹುದು ಎಂದು ಹೇಳಲು ಮಾತ್ರ ನಾಲಿಗೆ ಏಳಲಿಲ್ಲ. ಸ್ಪರ್ಧೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದು ದಿನ ದೂಡಿದೆ.

ಬುಧವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದೆ. ಕೆಳಗೆ ಅವನಿ ಪ್ರಾಕ್ಟೀಸ್ ಮಾಡುತ್ತಿದ್ದಳು. ಹೆಜ್ಜೆಗಳು ಬೀಳುತ್ತಿದ್ದವು, ಒಂದೊಂದರ ಹಿಂದೆಯೂ ಚೂರು ತಡವಾಗಿ ಇನ್ನೊಂದು ಮೆತ್ತನೆಯ ಸದ್ದು. ಬಟ್ಟೆ ಒಣಗಿಸುವ ಡ್ರೈಯರ್ ಇರಬೇಕು ಎಂದುಕೊಂಡೆ. ನಂತರ ಅವನಿಯ ಹೆಜ್ಜೆ ನಿಂತಿತು. ಆ ಮೆತ್ತನೆಯದು ಇನ್ನೂ ನಾಲ್ಕು ಸಲ ಬಿತ್ತು. ಚಾಕು ಹಿಡಿದುಕೊಂಡೇ ಕೆಳಗೆ ಓಡಿದೆ. ಅವನಿ ಸೋಫಾದ ಮೇಲೆ ಕೂತು ಶೂ ಬಿಚ್ಚುತ್ತಿದ್ದಳು. ಡ್ರೈಯರ್ ಆಫ್ ಆಗಿತ್ತು. ನನಗೆ ಭಯವಾಯಿತು. ಆ ಭಯ ಗಾರ್ಗಿಯದಲ್ಲ, ನಿಲ್ಲಬೇಡ ಎಂದ ನನ್ನದೇ ದನಿಯದು.

ಸ್ಪರ್ಧೆ ನಡೆದದ್ದು ಒಂದು ಫೇರ್‌ಗ್ರೌಂಡಿನಲ್ಲಿ. ಹುಲ್ಲಿನ ಮೈದಾನ, ಮರದ ಹಲಗೆಯ ವೇದಿಕೆ, ಎಲ್ಲ ದಿಕ್ಕಿನಿಂದಲೂ ಬ್ಯಾಗ್‌ಪೈಪಿನ ಮೊರೆತ. ಕೌಸಲ್ಯಾ ಆಂಟಿ ಪಿನ್ನಿನ ಡಬ್ಬಿ ಹಿಡಿದು ಮಕ್ಕಳ ಕಿಲ್ಟ್ ಲಂಗದ ಸೊಂಟಕ್ಕೆ ನಂಬರ್ ಚುಚ್ಚುತ್ತಿದ್ದರು. ಕತ್ತಿ ಕುಣಿತಕ್ಕೆ ಅವನಿಯ ನಂಬರ್ ಕೂಗಿದಾಗ, ಎಂದಿನಂತೆ ಪಾರ್ಕಿಂಗ್ ಕಡೆ ತಿರುಗಿದರು.

ನಾನು ಮಂಡಿಯೂರಿ ಅವನಿಯ ಶೂ ಲೇಸ್ ಕಟ್ಟುತ್ತಿದ್ದೆ. ಅವಳ ತುಟಿ ಆಗಲೇ ಮಣಮಣ ಶುರುಮಾಡಿತ್ತು.

"ಅವನಿ, ನಿಲ್ಲಬೇಕು ಅನ್ಸಿದ್ರೆ ನಿಲ್ಲು."

"ಬಟ್ ಐ ವಿಲ್ ಬಿ ಔಟ್."

"ಔಟ್ ಆದ್ರೆ ಆಗು. ಅಮ್ಮ ತಪ್ಪು ಹೇಳ್ಕೊಟ್ಟಿದ್ದೆ."

ನಾನು ತಪ್ಪೊಪ್ಪಿಕೊಂಡದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಅನುಮಾನದಿಂದ ನನ್ನನ್ನು ನೋಡುತ್ತಾ ಮೆಟ್ಟಿಲು ಹತ್ತಿದಳು. ನಾನು ಓಡಿಹೋಗಿ ಆಂಟಿಯ ಕೈ ಹಿಡಿದೆ. "ಇವತ್ತು ಹೋಗಬೇಡಿ ಆಂಟಿ. ನನ್ನ ಜೊತೆ ನಿಂತ್ಕೊಳ್ಳಿ." ಅವರು ಕೈ ಬಿಡಿಸಿಕೊಳ್ಳಲು ನೋಡಿದರು. ನಾನು ಬಿಡಲಿಲ್ಲ.

ವೇದಿಕೆಯ ಮೇಲೆ ಮೂವರು ಹುಡುಗಿಯರು, ಮೂರು ಜೊತೆ ಕತ್ತಿ. ಪೈಪ್ ಶುರುವಾಯಿತು, ಮೂವರೂ ಬಾಗಿದರು, ಕುಣಿದರು. ಆಂಟಿ ಕಣ್ಣು ಮುಚ್ಚಿಕೊಂಡರು. ಅವರ ಬೆರಳು ನನ್ನ ಅಂಗೈಯಲ್ಲಿ ತಾಳ ಹಾಕುತ್ತಿತ್ತು, ಪ್ರತಿಸಲವೂ ಅರ್ಧ ಮಾತ್ರೆ ತಡವಾಗಿ.

ಮೂರನೆಯ ಸ್ಟೆಪ್ಪಿನಲ್ಲಿ ಅವನಿಯ ಕಾಲು ಕತ್ತಿಗೆ ತಾಗಿತು. ಅವಳು ನಿಲ್ಲಲಿಲ್ಲ. ಕುಣಿಯುತ್ತಲೇ ನನ್ನ ಕಡೆ ನೋಡಿದಳು. ನನ್ನ ಬಲಗೈ ತಾನಾಗಿ ಮೇಲೆದ್ದಿತು. ಏನು ಹೇಳಲು ಎದ್ದಿತೋ ನನಗೆ ಇವತ್ತಿಗೂ ಗೊತ್ತಿಲ್ಲ, ಪದಕದ ಆಸೆ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಆ ಕೈಯನ್ನು ಎದೆಗೆ ಒತ್ತಿ ಹಿಡಿದೆ.

ಅವನಿ ನಿಂತಳು. ಬಗ್ಗಿ ಕತ್ತಿ ಮುಟ್ಟಿದಳು, ಕಣ್ಣಿಗೆ ಒತ್ತಿಕೊಂಡಳು. ತೀರ್ಪುಗಾರರು ಹಾಳೆಯ ಮೇಲೆ ಗೀಟು ಎಳೆದರು. ಒಬ್ಬರಿಗಾಗಿ ಪೈಪ್ ನಿಲ್ಲುವುದಿಲ್ಲ. ಉಳಿದ ಇಬ್ಬರೂ ಕುಣಿಯುತ್ತಿದ್ದರು. ನನ್ನ ಮಗಳು ನಿಯಮದಂತೆ ಕೈ ಇಳಿಬಿಟ್ಟು ಸುಮ್ಮನೆ ನಿಂತಿದ್ದಳು. ನನ್ನ ಅಂಗೈಯಲ್ಲಿ ಆಂಟಿಯ ಬೆರಳೂ ನಿಂತಿತ್ತು.

ಸಂಗೀತ ಮುಗಿಯಿತು. ಮೂವರೂ ಬಾಗಿದರು, ಮೂವರೂ ತಲೆಯೆತ್ತಿದರು. ಆಂಟಿ ಕಣ್ಣು ತೆರೆದರು.

"ನಿಂತ್ಲು" ಎಂದರು.

"ಹೌದು ಆಂಟಿ. ಔಟ್ ಆದ್ಲು, ಪರವಾಗಿಲ್ಲ."

"ಅವನಿ ಅಲ್ಲವಾ. ನಮ್ಮ ಗಾರ್ಗಿ. ಅವನಿ ನಿಂತಾಗ ಅಕಿನೂ ನಿಂತ್ಲು. ಆಮ್ಯಾಲ ಬರೇ ಎರಡು ಹುಡುಗ್ರ ಕಾಲು ಕೇಳಿಸ್ತು."

ಪಿನ್ನಿನ ಡಬ್ಬಿಯನ್ನು ಹುಲ್ಲಿನ ಮೇಲೆಯೇ ಬಿಟ್ಟು, ನೆರಿಗೆ ಎತ್ತಿ ಹಿಡಿದುಕೊಂಡು, ಆ ವಯಸ್ಸಿನಲ್ಲಿ ಅವರು ಪಾರ್ಕಿಂಗ್ ಕಡೆ ಓಡಿದರು. ನಾನು ಡಬ್ಬಿ ಎತ್ತಿಕೊಂಡು ಹಿಂದೆಯೇ ಓಡಿದೆ. ಕೆಳಗೆ ಇಳಿದದ್ದನ್ನು ನಾನೆಂದೂ ಕಾಣದ ದ್ವಾರಕಾನಾಥ ಅಂಕಲ್, ಹೆಂಡತಿ ಓಡಿಬರುವುದನ್ನು ಕಂಡು ಗಾಬರಿಯಿಂದ ಕಾರಿನಿಂದ ಇಳಿದು ನಿಂತಿದ್ದರು.

"ನಿಂತ್ಲು ರೀ" ಎಂದರು ಆಂಟಿ, ಏದುಸಿರು ಬಿಡುತ್ತಾ. "ಇವತ್ತ ನಿಂತ್ಲು."

ಅಂಕಲ್ ಯಾರು, ಏನು ಎಂದು ಕೇಳಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ವೇದಿಕೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಭಾಳ ದಣಿದಿದ್ಲೇನು?"