ಇಲ್ಲ ಅಂದುಕೊಂಡು ನೋಡಿ

ಮುಂಬಯಿಯಲ್ಲಿ ಇಷ್ಟು ವರ್ಷ ನೌಕರಿ ಮಾಡಿದವನು ಲೋಕಲ್‌ಗೆ ಪಾಸು ತೆಗೆಸದೆ, ವಿಲೆ ಪಾರ್ಲೆಯಿಂದ ಚರ್ಚ್‌ಗೇಟಿಗೆ ದಿನಾ ಕ್ಯೂ ನಿಂತು ಟಿಕೆಟು ಕೊಳ್ಳುತ್ತಾನೆ ಎಂದರೆ ಯಾರಿಗಾದರೂ ಅವನ ತಲೆಯ ಬಗ್ಗೆ ಅನುಮಾನ ಬಂದೀತು. ನಾನು ಹಾಗೆ ಮಾಡುತ್ತಿದ್ದೆ. ಕಾರಣ ಹೇಳಬೇಕಾದರೆ ನನ್ನ ಹೆಂಡತಿ ಸುಮಿತ್ರೆಯ ಪರೀಕ್ಷೆಯಿಂದ ಶುರು ಮಾಡಬೇಕು.

ಅವಳು ದಾದರಿನ ಒಂದು ಬ್ಯಾಂಕಿನಲ್ಲಿ ಕ್ಲಾರ್ಕು. ಆಫೀಸರಾಗಲು ಪರೀಕ್ಷೆಗೆ ಕಟ್ಟಿದಳು. ಅವಳು ಬಿ.ಎ., ನಾನು ಎಸ್ಸೆಸ್ಸೆಲ್ಸಿ. ಆದರೂ ಗೈಡು ಹಿಡಿದು ಪ್ರಶ್ನೆ ಕೇಳುವ ಮೇಷ್ಟರ ಕೆಲಸ ನನ್ನದಾಯಿತು. ಉತ್ತರ ಹಿಂದಿನ ಪುಟದಲ್ಲಿರುವಾಗ ಯಾರು ಬೇಕಾದರೂ ಮೇಷ್ಟರಾಗಬಹುದು. ಅದರಲ್ಲಿ ನನ್ನನ್ನು ಸೋಲಿಸಿದ್ದು ‘ಅಸಂಪ್ಷನ್’ ಪ್ರಶ್ನೆಗಳು. ಒಂದು ಮಾತು ಕೊಡುತ್ತಾರೆ. ಆ ಮಾತು ನಿಲ್ಲಬೇಕಾದರೆ ಬಾಯಿಬಿಟ್ಟು ಹೇಳದೆ ನಂಬಿಕೊಂಡಿರಲೇಬೇಕಾದದ್ದು ಯಾವುದು ಎಂದು ಹುಡುಕಬೇಕು.

‘ಛತ್ರಿ ತಗೊಂಡು ಹೋಗು’ ಎಂದು ತಾಯಿ ಮಗಳಿಗೆ ಹೇಳಿದಳಂತೆ. ಇದರ ಹಿಂದಿನ ನಂಬಿಕೆ ಏನು? ಮಳೆ ಬರುತ್ತದೆ ಎಂದೆ ನಾನು.

“ಬಿಸಿಲಿಗೂ ಛತ್ರಿ ಹಿಡೀತಾರಲ್ರೀ. ಮಳೆ ಇಲ್ಲ ಅಂದ್ಕೊಂಡು ನೋಡಿ, ಮಾತು ಹಾಗೇ ನಿಲ್ಲುತ್ತೆ. ಈಗ ಮನೇಲಿ ಛತ್ರೀನೇ ಇಲ್ಲ ಅಂದ್ಕೊಳ್ಳಿ. ಮಾತು ಬಿದ್ದೋಯ್ತು. ಅದೇ ಉತ್ತರ.”

“ಪಕ್ಕದ ಮನೇದು ಕೇಳಿ ತಗೋತಾಳೆ ಕಣೇ.”

“ನಿಮ್ಮನ್ನ ಪರೀಕ್ಷೆಗೆ ಕೂರಿಸಿದ್ರೆ ಪೇಪರ್ ತೆಗೆದೋರು ರಾಜೀನಾಮೆ ಕೊಡ್ತಾರೆ, ಅಷ್ಟೆ!”

ಕೊನೆಗೆ ನನ್ನ ಮಟ್ಟಕ್ಕಿಳಿದು ಲೋಕಲ್ ಟ್ರೈನಿನ ಉದಾಹರಣೆ ಕೊಟ್ಟಳು. ಲೇಡೀಸ್ ಡಬ್ಬಿಯಲ್ಲಿ ಕೂತವಳನ್ನು ನಿಂತವಳು ‘ಕಹಾಂ ಉತರೋಗೀ?’, ಎಲ್ಲಿ ಇಳೀತೀಯ, ಎಂದು ಕೇಳುತ್ತಾಳೆ. ‘ದಾದರ್’ ಅಂದರೆ ಮುಗಿಯಿತು, ದಾದರಿನಿಂದ ಮುಂದಕ್ಕೆ ಆ ಸೀಟು ನಿಂತವಳದು. “ನಾನು ದಾದರಲ್ಲಿ ಇಳೀತೀನಿ ಅನ್ನೋದು ಇರಲೇಬೇಕಾದ ನಂಬಿಕೆ. ನಾನು ಒಳ್ಳೆಯವಳು ಅನ್ನೋದು ಇದ್ರೆ ಸಂತೋಷ, ಇಲ್ದಿದ್ರೂ ಸೀಟು ಸಿಗುತ್ತೆ.”

ಇರಲೇಬೇಕಾದದ್ದು, ಇದ್ದರೆ ಸಂತೋಷವಾದದ್ದು. ಈ ಎರಡರ ನಡುವೆ ನಾನು ಎಡವುತ್ತಲೇ ಇದ್ದೆ. ಇದು ನನ್ನೊಬ್ಬನ ದೌರ್ಬಲ್ಯವಲ್ಲ ಎಂದು ಈಗ ಅನ್ನಿಸುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನಮ್ಮ ಹಿರಿಯರೂ ಗೇಲಿ ಮಾಡಿದರು; ಕುಲಾವಿ ಹೊಲಿಯಲು ಕೂಸು ಹುಟ್ಟಿರಲೇಬೇಕು ಎಂದುಕೊಂಡರು. ಸುಮಿತ್ರೆ ಯಾವಾಗಲೂ ಮೂರು ತಿಂಗಳ ಪಾಸು ತೆಗೆಸುವವಳು. ಅದಕ್ಕೂ ನಾನು ಅದೇ ಗಾದೆ ಹೇಳಿ ರೇಗಿಸುತ್ತಿದ್ದೆ. “ಹುಟ್ಟಿದ ಮೇಲೆ ಹೊಲಿಯೋಕೆ ಪುರುಸೊತ್ತು ಎಲ್ಲಿರುತ್ತೇರೀ?” ಎನ್ನುತ್ತಿದ್ದಳು.

ಪರೀಕ್ಷೆ ಪಾಸಾದಳು, ಆಫೀಸರಾದಳು. ಒಂದು ಮಳೆಗಾಲ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಅವಳ ಪಾಸಿನಲ್ಲಿ ಇನ್ನೂ ದಿನಗಳು ಉಳಿದಿದ್ದವು.

ಆಮೇಲೆ ನಾನು ಪಾಸು ತೆಗೆಸಲಿಲ್ಲ. ಕೆಳಗಿನ ಮನೆಯ ಪದ್ಮಕ್ಕ ಮಂಗಳೂರಿನವರು, ಅನುಭವಸ್ಥರು. “ದುಃಖ ಸ್ವಲ್ಪ ಕಡಿಮೆ ಆಗ್ಲಿ ಮಾರಾಯ್ರೆ, ಮತ್ತೆ ಎಲ್ಲ ಸರಿ ಆಗ್ತದೆ” ಎಂದರು. ನಾನು ಅದನ್ನು ಆಫೀಸಿನ ಸರ್ಕ್ಯುಲರಿನ ಹಾಗೆ ಪಾಲಿಸಿದೆ. ಮೊದಲು ದುಃಖ ಕಡಿಮೆಯಾಗಬೇಕು. ಪಾಸು, ಗೋಡೆಗೆ ಸುಣ್ಣ, ಮಾವಿನಹಣ್ಣು ಎಲ್ಲ ಆಮೇಲೆ. ಪಾರ್ಲೆಯಲ್ಲಿ ನಿಲ್ಲದ ಫಾಸ್ಟ್ ಗಾಡಿಗೆ ಪಾರ್ಲೆಯಲ್ಲೇ ನಿಂತು ಕಾದ ಹಾಗೆ ಕಾದೆ. ಅದು ಬರಲಿಲ್ಲ. ಮಾವಿನ ಕಾಲ ಮಾತ್ರ ಬಂದು ಹೋಯಿತು.

ಮೊನ್ನೆ ಸೋಮವಾರ ಟಿಕೆಟ್ ಕೊಡುವವನೇ ತಲೆಯೆತ್ತಿ, “ಕಾಕಾ, ರೋಜ್ ಆತೇ ಹೋ. ಪಾಸ್ ಕ್ಯೂಂ ನಹೀ ನಿಕಾಲತೇ?” ಎಂದು ಪಾಸು ತೆಗೆಸದ ಕಾರಣ ಕೇಳಿದ. ಉತ್ತರ ಹುಡುಕುತ್ತ ನಿಂತೆ. ಹಿಂದಿನಿಂದ ಯಾರೋ, “ಅರೇ, ಘರ್ ಜಾಕೇ ಸೋಚೋ ನಾ!” ಎಂದು ಕೂಗಿದರು. ನ್ಯಾಯವಾದ ಮಾತು. ಆದರೆ ಮನೆಯಲ್ಲಿ ಯೋಚಿಸಿ ಯೋಚಿಸಿಯೇ ನಾನು ಇಲ್ಲಿಗೆ ಬಂದು ತಲುಪಿದ್ದು.

“ಪಾಸ್ ದೇ ದೋ” ಎಂದೆ.

“ಮಂತ್ಲೀ?”

“ಕ್ವಾರ್ಟರ್ಲಿ.”

ಬಾಯಿಂದ ಬಂದ ಮೇಲೆ ನನಗೇ ಆಶ್ಚರ್ಯವಾಯಿತು. ಗಾಡಿಯಲ್ಲಿ ಮೂವರು ಕೂರುವ ಬೆಂಚಿನ ನಾಲ್ಕನೆಯವನಾಗಿ, ಅರ್ಧ ಮೈ ಹೊರಗಿಟ್ಟು ಕೂತು, ನನಗೆ ನಾನೇ ಮೇಷ್ಟರಾದೆ. ಹೇಳಿಕೆ: ಒಬ್ಬ ಮನುಷ್ಯ ಮೂರು ತಿಂಗಳ ಪಾಸು ತೆಗೆಸಿದ. ಇದರ ಹಿಂದಿನ ನಂಬಿಕೆ ಯಾವುದು? ಒಂದು, ಇನ್ನು ಮುಂದೆಯೂ ಅವನು ಓಡಾಡುತ್ತಾನೆ. ಇಲ್ಲ ಅಂದುಕೊಂಡು ನೋಡಿದೆ. ಪಾಸಿಗೆ ಅರ್ಥವೇ ಇಲ್ಲ. ಹಾಗಾದರೆ ಅದು ಬೇಕು. ಎರಡು, ಅಷ್ಟರಲ್ಲಿ ಅವನ ದುಃಖ ಕಡಿಮೆಯಾಗುತ್ತದೆ. ಇದನ್ನೂ ಇಲ್ಲ ಅಂದುಕೊಂಡು ನೋಡಿದೆ. ಜೇಬು ಮುಟ್ಟಿಕೊಂಡೆ. ಪಾಸು ಪಾಸಾಗಿಯೇ ಇತ್ತು.

ದುಃಖ ಕಡಿಮೆಯಾದರೆ ಸಂತೋಷ, ಆಗದಿದ್ದರೂ ಗಾಡಿ ಹೋಗುತ್ತದೆ. ಗೈಡಿನ ಹಿಂದಿನ ಪುಟ ತಿರುವದೆ ನಾನು ಸರಿಯಾಗಿ ಬಿಡಿಸಿದ ಮೊದಲ ಲೆಕ್ಕ ಇದು. ತಲೆಯೆತ್ತುವಷ್ಟರಲ್ಲಿ ದಾದರ್ ಬಂದಿತ್ತು. ಇಳಿಯುವವರಿಗೆ ಕಾಲು ಮಡಿಸಿ ದಾರಿ ಬಿಟ್ಟೆ.