ಕಿವಿ ಹರಿದ ಆಡಿನ ಪಕ್ಕ

“ಕಿವಿ ಹರದ ಈ ಆಡು ನಮ್ಮದರಿ. ಬಾಜೂಕ ನಮ್ಮವ್ವ ಇಲ್ದ ಇದು ಹಿಂಗ ನಿಂದ್ರಂಗಿಲ್ಲ. ಅಕಿ ಎಲ್ಲದಾಳ್ರಿ?”

ಹುಮನಾಬಾದಿನ ಶಾಲೆಯೊಂದರಲ್ಲಿ ನಾನು ತೆಗೆದ ಫೋಟೊಗಳ ಪ್ರದರ್ಶನವಿತ್ತು. ಮಗಳನ್ನು ಕರೆದೊಯ್ಯಲು ಬಂದ ಹೆಂಗಸೊಬ್ಬರು ಬಸವಕಲ್ಯಾಣದ ಕೋಟೆ ಗೋಡೆಯ ಚಿತ್ರದೆದುರು ನಿಂತು ಹೀಗೆ ಕೇಳಿದರು. ಅದು ಅವರ ತವರೂರು. ಆಡಿನ ಪಕ್ಕ ಮುದುಕಿಯೊಬ್ಬರು ನಿಂತಿದ್ದದ್ದು ನಿಜ. ಅವರ ಕೈಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಕೊಡ ಚಿತ್ರ ಕೆಡಿಸುತ್ತದೆಂದು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಅವರನ್ನೇ ಅಳಿಸಿ, ಹತ್ತಿಯಿಂದ ಮಾಡಿದ ದುಬಾರಿ ಕಾಗದದ ಮೇಲೆ ಪ್ರಿಂಟ್ ಹಾಕಿಸಿದ್ದೆ. ಮೂಲ ಚಿತ್ರವಿದ್ದ ಮೆಮೊರಿ ಕಾರ್ಡನ್ನು ಎಂದೋ ಫಾರ್ಮ್ಯಾಟ್ ಮಾಡಿಯಾಗಿತ್ತು.

ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ತಾಯಿ ತೀರಿಕೊಂಡು ವರ್ಷವಾಗಿತ್ತಂತೆ. ಆಧಾರ್ ಕಾರ್ಡಿನ ಮಸುಕು ಮುಖ ಬಿಟ್ಟರೆ ಬೇರೆ ಫೋಟೊ ಇರಲಿಲ್ಲವಂತೆ. ಆಡಿನ ಪಕ್ಕದ ಗೋಡೆಯ ಮೇಲೆ ನಾನು ಅಳಿಸಲು ಮರೆತಿದ್ದ ನೆರಳೊಂದಿತ್ತು. ಅದರ ಮೇಲೆ ಮೆಲ್ಲಗೆ ಬೆರಳಿಟ್ಟರು. “ಇದಾದ್ರೂ ಬಿಟ್ಟೀರಲ್ರಿ, ಸಾಕು.”

ಆ ಪ್ರಿಂಟನ್ನು ಅವರಿಗೇ ಕೊಟ್ಟೆ. ಮೊನ್ನೆ ಅವರ ಮನೆಗೆ ಹೋದಾಗ ನೋಡಿದೆ: ಗಾಜು ಹಾಕಿಸಿ, ನೆರಳಿನ ಹಣೆ ಇರಬಹುದಾದ ಜಾಗಕ್ಕೆ ಕುಂಕುಮ ಹಚ್ಚಿದ್ದಾರೆ.